ಹತ್ತನೆಯ ಬೆರಳು

"ಈ ಬೆರಳು ನಿಮಗೆಲ್ಲಿ ಸಿಕ್ತು?"

ಅವಳು ಕೇಳಿದ್ದು ಮೆತ್ತಗೇ. ಆದರೂ ಪೋಸ್ಟರ್ ಅಂಟಿಸುತ್ತಿದ್ದವನ ಕೈ ಅಲ್ಲೇ ನಿಂತಿತು.

ಸಭಾಂಗಣದ ಬಾಗಿಲ ಪಕ್ಕ, ಆಳೆತ್ತರದ ಆ ಪೋಸ್ಟರಿನಲ್ಲಿ ಇದ್ದವಳು ಅವಳೇ. ನೀಲಿ ಕೋಟು, ತುಟಿ ಮೀರಿದ ನಗು, ಎದೆಯ ಮುಂದೆ ಕಟ್ಟಿಕೊಂಡ ಕೈಗಳು. ಎಡಗೈಯಲ್ಲಿ ಐದಕ್ಕೆ ಐದೂ ಬೆರಳಿದ್ದವು. ಹತ್ತು ವರ್ಷದ ಹಿಂದೆ ಕಾರ್ಖಾನೆಯ ತಗಡು ಒತ್ತುವ ಪ್ರೆಸ್ ಯಂತ್ರದಡಿ ಹೋದ ತೋರುಬೆರಳು ಉಗುರಿಗೆ ಬಣ್ಣ ಹಚ್ಚಿಕೊಂಡು ವಾಪಸು ಬಂದಿತ್ತು.

"ನಾನೇ ಬರೆದು ಸೇರಿಸಿದ್ದು," ಎಂದ ಅವನು. ಸುಳ್ಳು ಹೇಳಲು ಬರುವ ಮನುಷ್ಯನಲ್ಲ. "ಫೋಟೋ ತೆಗೆಯೋವಾಗ ನಗ್ತಾ ನಗ್ತಾ ಕೈ ಮುಚ್ಚೋದನ್ನ ಮರ್ತಿದ್ರಿ. ನಿಮ್ಮ ಅಷ್ಟೂ ಫೋಟೋದಲ್ಲಿ ಅದೇ ಚೆನ್ನಾಗಿತ್ತು. ಆದ್ರೆ ಕೈ ಕಂಡ್ರೆ ನಿಮಗೆ ಬೇಜಾರಾಗುತ್ತೇನೋ ಅಂತ..."

"ನನ್ನ ಬೇಜಾರನ್ನ ನನ್ನನ್ನ ಕೇಳದೇ ಲೆಕ್ಕ ಹಾಕಿಬಿಟ್ರಾ?"

ಅಂಟುಪಟ್ಟಿಯ ಸುರುಳಿಯನ್ನು ಸುಮ್ಮನೆ ತಿರುಗಿಸುತ್ತ ನಿಂತ.

ಅವಳಿಗೆ ಉರಿದುಹೋದದ್ದು ಬೆರಳಿಗಲ್ಲ, ಅದನ್ನು ಅಂಟಿಸಿದವನು ಇವನಾಗಿದ್ದಕ್ಕೆ. ಬೇರೆ ಯಾರಾದರೂ ಆಗಿದ್ದರೆ ನಾಲ್ಕು ಮಾತು ಬೈದು ಮರೆತುಬಿಡುತ್ತಿದ್ದಳು.

ಅವನು ಭಾಷಣಕಾರರನ್ನು ಕಂಪನಿಗಳಿಗೆ ಕಳಿಸುವ ಏಜೆನ್ಸಿಯ ಬ್ರ್ಯಾಂಡ್‌ನವನು. ಕಾರ್ಡು, ಪೋಸ್ಟರು, ವಿಡಿಯೋ, ವೇದಿಕೆಗೆ ನಡೆದು ಬರುವ ರೀತಿ, ಎಲ್ಲ ಅವನ ಇಲಾಖೆ. ಅವಳೋ ನಾಲ್ಕು ವರ್ಷದಿಂದ, ಕೆಲಸಕ್ಕೆ ರಜೆ ಸಿಕ್ಕಾಗಲೆಲ್ಲ ಕಾರ್ಖಾನೆಗಳಲ್ಲಿ ಮಗುಚಿ ಹಾಕಿದ ಪೆಟ್ಟಿಗೆಯ ಮೇಲೆ ನಿಂತು, ಸುರಕ್ಷತೆಯ ಬಗ್ಗೆ ಮಾತಾಡಿಕೊಂಡು ಬಂದವಳು. ಕಾರ್ಮಿಕರು ಕರೆಯುತ್ತಿದ್ದದ್ದು ಪ್ರೆಸ್ ಅಕ್ಕ ಎಂದು.

ಎರಡು ತಿಂಗಳ ಹಿಂದೆ, ಅವಳು ಏಜೆನ್ಸಿಗೆ ಬಂದ ಮೊದಲ ದಿನವೇ ಅವನು ಹೇಳಿದ್ದ, "ನೀವು ಚೆನ್ನಾಗೇ ಮಾತಾಡ್ತೀರಿ. ಆದ್ರೆ ಹೊರಗೆ ಹೋದ್ಮೇಲೆ ಯಾರಿಗೂ ನೆನಪಿರಲ್ಲ."

"ನಿಮಗೆ ನೆನಪಿದ್ರೆ ಸಾಕು ಬಿಡಿ," ಎಂದಿದ್ದಳು. ಬಾಯಿತಪ್ಪಿ ಬಂದ ಮಾತು. ಅವನ ಪೆನ್ನಿನ ಮುಚ್ಚಳ ಜಾರಿ ಮೇಜಿನ ಕೆಳಗೆ ಉರುಳಿತ್ತು, ಅದನ್ನು ಹುಡುಕುವ ನೆಪದಲ್ಲಿ ಅವನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಕೆಳಗೇ ಇದ್ದ.

ಆಮೇಲೆ ದಿನಾ ಅಭ್ಯಾಸ. ಅವನು ಕೊನೆಯ ಸಾಲಿನಲ್ಲಿ ಸ್ಟಾಪ್‌ವಾಚ್ ಹಿಡಿದು ಕೂರುತ್ತಿದ್ದ. ಅವಳ ಮಾತು ಹಿಡಿಸಿದಾಗ ಕನ್ನಡಕ ತಾನಾಗಿಯೇ ಅವನ ಹಣೆಗೇರುತ್ತಿತ್ತು. ಅದು ಅವನಿಗೆ ಗೊತ್ತಿರಲಿಲ್ಲ, ಅವಳಿಗೆ ಗೊತ್ತಿತ್ತು. ಆ ಕನ್ನಡಕ ಮೇಲೇರಲೆಂದೇ ಅವಳು ಕೆಲವು ವಾಕ್ಯಗಳನ್ನು ಮನೆಯ ಕನ್ನಡಿಯ ಮುಂದೆ ತಿದ್ದಿಕೊಂಡು ಬಂದದ್ದೂ ಉಂಟು.

ಯಾವ ಕಾರ್ಖಾನೆಯ ಪ್ರೆಸ್ ವಿಭಾಗಕ್ಕೆ ಹೋದರೂ ಒಂದೇ ಪದ್ಧತಿ. ಯಂತ್ರ ಇಳಿಸುವ ಮುಂಚೆ ಪಕ್ಕದವರು "ಕೈ?" ಎಂದು ಕೂಗಬೇಕು. ಯಂತ್ರದ ಮುಂದಿರುವವರು ಎರಡೂ ಕೈ ಭುಜದೆತ್ತರಕ್ಕೆ ಎತ್ತಿ "ಆಚೆ" ಎನ್ನಬೇಕು. ಅವಳು ಅದನ್ನು ಅವನಿಗೂ ಕಲಿಸಿದ್ದಳು. "ಕೈ?" ಎಂದು ಗದರಿದರೆ ಸಾಕು, ಸ್ಟಾಪ್‌ವಾಚ್ ಮಡಿಲಿಗೆ ಬಿಟ್ಟು ಎರಡೂ ಕೈ ಎತ್ತಿಬಿಡುತ್ತಿದ್ದ. ಅವಳು ನಗುತ್ತಿದ್ದಳು. ನಗುವಾಗಲೂ ಅವಳ ಎಡಗೈ ಮಾತ್ರ ಕೋಟಿನ ಜೇಬಿನಲ್ಲೇ ಇರುತ್ತಿತ್ತು.

ಅಂಥವನು ಹೀಗೆ ಮಾಡಿದ.

ಅಷ್ಟರಲ್ಲಿ ಏಜೆನ್ಸಿಯ ಮೇಡಂ ಬಂದರು. ಅವರು ಅವಳನ್ನು ನೋಡಿದ್ದು ಎರಡೇ ಸಲ, ಎರಡು ಸಲವೂ ಕೈ ಜೇಬಿನಲ್ಲಿತ್ತು. ಈಗ ಸಿಟ್ಟಿನಲ್ಲಿ ಪೋಸ್ಟರಿನತ್ತ ಚಾಚಿದ ಆ ಕೈಯನ್ನು ಕಂಡು ಅವರ ಕಣ್ಣು ಅರಳಿತು.

"ಇದನ್ನ ಯಾಕ್ರೀ ಬಚ್ಚಿಟ್ಟಿದ್ರಿ? ಇದೇ ಬ್ರ್ಯಾಂಡು. ಒಂಬತ್ತು ಬೆರಳಿನ ಛಲಗಾತಿ. ಸ್ಟೇಜಿಗೆ ಬಂದ ತಕ್ಷಣ ಕೈ ಎತ್ತಿ. ಹಿಂದಿನಿಂದ ಪಿಟೀಲು ಬರುತ್ತೆ. ಕ್ರೂರಿ ಯಂತ್ರ, ಎದ್ದು ನಿಂತ ಹೆಣ್ಣು, ಮುಗೀತು. ಒಬ್ಬರ ಕಣ್ಣೂ ಒಣಗಿರಬಾರದು."

"ಯಂತ್ರ ಕ್ರೂರಿ ಆಗಿರಲಿಲ್ಲ ಮೇಡಂ."

"ಅದೆಲ್ಲ ಯಾರಿಗೆ ಬೇಕು? ಒಳಗೆ ಹನ್ನೆರಡು ಕಾರ್ಖಾನೆಯವರಿದ್ದಾರೆ, ಆರುನೂರು ಜನ. ನಾನು ಹೇಳಿದ ಹಾಗೆ ಹೇಳಿ, ಈ ವರ್ಷವಿಡೀ ಎಲ್ಲ ವೇದಿಕೆ ನಿಮ್ಮದು. ಆಗಲ್ವಾ, ನಿಮ್ಮ ಹಳೇ ಕೈಗವಸಿನ ಕೋಣೆ ಇದ್ದೇ ಇದೆ."

ಹೇಳಿ ಅವರು ಒಳಗೆ ನಡೆದರು.

ಕೈಗವಸಿನ ಕೋಣೆ ಸುಳ್ಳಲ್ಲ. ಬೆರಳು ಹೋದ ಮೇಲೆ ಕಾರ್ಖಾನೆಯವರು ಅವಳನ್ನು ಕೈಗವಸು ಹಂಚುವ ಕಿಟಕಿಯ ಹಿಂದೆ ಕೂರಿಸಿದ್ದರು. ಅಲ್ಲಿಂದ ಎದ್ದು ಹೊರಬರಲು ಅವಳಿಗೆ ಹತ್ತು ವರ್ಷ ಹಿಡಿದಿತ್ತು. ಹೋದ ತಿಂಗಳಷ್ಟೇ ರಾಜೀನಾಮೆ ಕೊಟ್ಟಿದ್ದಳು. ಭಾಷಣದ ಈ ಕೆಲಸವನ್ನೇ ನಂಬಿಕೊಂಡು ಬಂದವಳಿಗೆ ಈಗ ಎರಡೇ ದಾರಿ, ಮೇಡಂ ಹೇಳಿದ್ದನ್ನು ಹೇಳುವುದು, ಇಲ್ಲವೇ ಆ ಕಿಟಕಿಗೆ ಮರಳುವುದು. ಒಬ್ಬರು ಇಲ್ಲದ ಬೆರಳನ್ನು ಅಂಟಿಸಿದ್ದರು, ಇನ್ನೊಬ್ಬರು ಆ ಬೆರಳು ಇಲ್ಲದಿರುವುದನ್ನೇ ಮಾರಲು ಹೊರಟಿದ್ದರು.

ವೇದಿಕೆಯ ಹಿಂದಿನ ಚಿಕ್ಕ ಕೋಣೆಯಲ್ಲಿ ಅವಳು ಕುರ್ಚಿಯ ತುದಿಯಲ್ಲಿ ಕೂತಳು. ಅವನು ಬಾಗಿಲ ಬಳಿ ನಿಂತ. ಒಳಗೆ ಬರಲೇ ಎಂದು ಕೇಳುವ ಧೈರ್ಯವೂ ಉಳಿದಿರಲಿಲ್ಲ.

"ಕೂತ್ಕೊಳ್ಳಿ," ಎಂದಳು. "ಪ್ರೆಸ್ಸಿಗೆ ಎರಡು ಗುಂಡಿ ಇರುತ್ತೆ. ಎರಡೂ ಕೈಯಿಂದ ಒಟ್ಟಿಗೆ ಒತ್ತಿದ್ರೆ ಮಾತ್ರ ಯಂತ್ರ ಇಳಿಯೋದು. ಯಾಕೆ ಹೇಳಿ?"

"ಕೈ ಎರಡೂ ಗುಂಡಿ ಮೇಲಿದ್ರೆ ಯಂತ್ರದ ಅಡಿಗೆ ಹೋಗಲ್ಲ."

"ಆ ದಿನ ನಾನು ಒಂದು ಗುಂಡಿ ಒತ್ತಿದ ಹಾಗೇ ಇರಲಿ ಅಂತ ಅದಕ್ಕೆ ರಬ್ಬರ್ ಬ್ಯಾಂಡ್ ಬಿಗಿದಿದ್ದೆ. ಒಂದು ಕೈಲಿ ಒತ್ತೋದು, ಇನ್ನೊಂದು ಕೈಲಿ ತುಂಡು ತೆಗೆಯೋದು. ಬೇಗ ಆಗುತ್ತೆ." ಅವಳು ಎಡಗೈಯನ್ನು ಮಂಡಿಯ ಮೇಲೆ ಬಿಚ್ಚಿಟ್ಟಳು. "ಅತ್ತಿಗೆ ಒಂದು ತಿಂಗಳು ನನ್ನ ತಲೆ ಬಾಚಿ ಜಡೆ ಹಾಕಿದ್ರು. ಹಾಕ್ತಾ ಆ ಯಂತ್ರಕ್ಕೆ ಹಿಡಿಶಾಪ ಹಾಕ್ತಿದ್ರು. ನಾನು ಹೂಂ ಹೂಂ ಅಂತ ಕೂತಿದ್ದೆ. ಕೈ ಮುಚ್ಚೋದು ನಾಚಿಕೆಗಲ್ಲ ರೀ. ಕೈ ಕಂಡ್ರೆ ಹೇಗಾಯ್ತು ಅಂತ ಕೇಳ್ತಾರೆ. ಹೇಗಾಯ್ತು ಅನ್ನೋದನ್ನ ಇವತ್ತಿನವರೆಗೆ ಯಾರಿಗೂ ನೆಟ್ಟಗೆ ಹೇಳಿಲ್ಲ."

ಅವನ ಕನ್ನಡಕ ಯಾವಾಗಲೋ ಹಣೆಗೇರಿತ್ತು.

"ತಪ್ಪಾಯ್ತು," ಎಂದ. "ಕೇಳಬೇಕಿತ್ತು, ಕೇಳಲಿಲ್ಲ. ಆ ಬೆರಳು ಬರೆಯೋಕೆ ನನಗೆ ಮೂರು ದಿನ ಹಿಡೀತು. ಎಷ್ಟು ಬರೆದ್ರೂ ಹೊಂದ್ತಾ ಇರಲಿಲ್ಲ. ಮೂರು ದಿನಾನೂ ನಿಮ್ಮ ಕೈಯನ್ನೇ ನೋಡ್ಕೊಂಡು ಕೂತಿದ್ದೆ. ನಿಜ ಹೇಳ್ಲಾ, ಇರೋ ಕೈಯೇ ಚೆಂದ ಇತ್ತು."

ಅವಳ ಕಿವಿ ಬಿಸಿಯಾಯಿತು. ಸಿಟ್ಟು ಇನ್ನೂ ಇಳಿದಿರಲಿಲ್ಲ. ಹಾಗಾಗಿ ಯಾವುದರ ಬಿಸಿ ಎಂದು ಅವಳಿಗೂ ಗೊತ್ತಾಗಲಿಲ್ಲ.

"ಇದನ್ನ ಮೊದಲೇ ಹೇಳೋಕೆ ಏನಾಗಿತ್ತು?"

"ಬಾಯಿ ಬರಲಿಲ್ಲ."

"ಜಗತ್ತಿಗೆಲ್ಲ ಮಾತು ಹೇಳಿಕೊಡೋರು ನೀವು," ಎಂದು ಎದ್ದಳು. ಕೋಟು ಕಳಚಿ ಅವನ ತೋಳಿನ ಮೇಲೆ ಹಾಕಿದಳು. "ಇದನ್ನ ಹಿಡ್ಕೊಳ್ಳಿ. ಇದರ ಜೇಬು ನನಗಿನ್ನು ಬೇಡ. ಆ ಪಿಟೀಲು ನಿಲ್ಲಿಸೋದು ಯಾರ ಕೈಲಿದೆ?"

"ನನ್ನ ಕೈಲಿ. ನಿಲ್ಲಿಸಿದ್ರೆ ಇವತ್ತೇ ಕೆಲಸದಿಂದ ತೆಗೀತಾರೆ."

"ಯೋಚನೆ ಮಾಡಿ."

"ಮಾಡಿಯಾಯ್ತು," ಎಂದ ಅವನು.

ವೇದಿಕೆಯ ನಡುವೆ ನಿಂತು ಅವಳು ಆರುನೂರು ಮುಖ ನೋಡಿದಳು. ಮುಂದಿನ ಸಾಲುಗಳಲ್ಲಿ ಟೈ ಕಟ್ಟಿದವರು, ಹಿಂದೆ ಶಿಫ್ಟು ಮುಗಿಸಿ ನೇರವಾಗಿ ಬಂದ ಸಮವಸ್ತ್ರದವರು. ಪಿಟೀಲು ಶುರುವಾಯಿತು, ಎರಡು ಎಳೆತಕ್ಕೇ ಗಪ್ಪೆಂದು ನಿಂತಿತು. ಪಕ್ಕದ ಪರದೆಯ ಹಿಂದೆ ಮೇಡಂ ಯಾರನ್ನೋ ಗದರುವುದು ಕೇಳಿಸಿತು.

"ಕೈ?" ಎಂದಳು ಅವಳು.

ಹಿಂದಿನ ಸಾಲುಗಳಿಂದ ನಾನೂರು ಗಂಟಲು ಒಟ್ಟಿಗೆ "ಆಚೆ" ಎಂದವು. ಕೈಗಳು ತಾವಾಗಿಯೇ ಮೇಲೆದ್ದವು. ಟೈ ಕಟ್ಟಿದವರು ಏನಾಯಿತೆಂದು ಹಿಂದೆ ತಿರುಗಿ ನೋಡಿದರು. ಅವಳೂ ಎರಡೂ ಕೈ ಎತ್ತಿದಳು. ನಾಲ್ಕು ವರ್ಷದ ಭಾಷಣಗಳಲ್ಲಿ ಇದೇ ಮೊದಲು.

"ಹೊರಗಿನ ಪೋಸ್ಟರಲ್ಲಿ ನನಗೆ ಹತ್ತು ಬೆರಳಿದೆ. ನಂಬಬೇಡಿ. ಯಂತ್ರ ನನ್ನ ಬೆರಳು ತಿಂತು ಅಂತ ಯಾರಾದ್ರೂ ಹೇಳಿದ್ರೆ ಅದನ್ನೂ ನಂಬಬೇಡಿ. ಗುಂಡಿಗೆ ರಬ್ಬರ್ ಬ್ಯಾಂಡ್ ಬಿಗಿದವಳು ನಾನು."

ಎತ್ತಿದ ಕೈಗಳು ಒಂದೊಂದಾಗಿ ಕೆಳಗಿಳಿದವು.

"ಆದ್ರೆ ನಾನೊಬ್ಬಳೇ ಬಿಗಿದಿರಲಿಲ್ಲ. ನಮ್ಮ ಸಾಲಲ್ಲಿ ಹದಿನಾಲ್ಕು ಜನ ಬಿಗಿದಿದ್ರು. ಗಂಟೆಗೆ ಇಷ್ಟು ತುಂಡು ಆಗಲೇಬೇಕು ಅಂದವರು ದಿನಾ ನಮ್ಮ ಪಕ್ಕದಲ್ಲೇ ಓಡಾಡ್ತಿದ್ರು. ಅವರಿಗೆ ತುಂಡು ಕಾಣ್ತಿತ್ತು, ರಬ್ಬರ್ ಬ್ಯಾಂಡ್ ಕಾಣ್ತಿರಲಿಲ್ಲ." ಅವಳು ಮುಂದಿನ ಸಾಲನ್ನೇ ನೋಡುತ್ತ ಹೇಳಿದಳು, ಕಣ್ಣು ಆಚೀಚೆ ಮಾಡಲಿಲ್ಲ. "ನನಗೆ ಚಪ್ಪಾಳೆ ಬೇಡ. ಗುಂಡಿಗೆ ಬಿಗಿಯೋದು ಜೇಬಲ್ಲಿ ಏನಿದ್ರೂ, ಹೋಗೋವಾಗ ಕುರ್ಚಿ ಮೇಲೆ ಬಿಟ್ಟುಹೋಗಿ. ಬಿಟ್ಟವರು ಯಾರು ಅಂತ ಯಾರೂ ಕೇಳಕೂಡದು. ಮುಂದಿನ ಸಾಲಿನವರು ಎಲ್ಲರಿಗಿಂತ ಕೊನೆಗೆ ಏಳಿ. ಒಂದೊಂದು ಕುರ್ಚಿನೂ ನೋಡ್ಕೊಂಡು ಹೋಗಿ."

ಚಪ್ಪಾಳೆ ಬರಲಿಲ್ಲ. ಕುರ್ಚಿಗಳು ಸರಿಯುವ ಸದ್ದಷ್ಟೇ ಬಂತು.

ಸಭಾಂಗಣ ಖಾಲಿಯಾದಾಗ ಹಿಂದಿನ ಸಾಲುಗಳಲ್ಲಿ ರಬ್ಬರ್ ಬ್ಯಾಂಡುಗಳಿದ್ದವು. ಅಂಟುಪಟ್ಟಿಯ ಉಂಡೆ, ಮರದ ಚಕ್ಕೆ, ಮಡಚಿದ ರಟ್ಟು, ಒಂದು ಕೂದಲ ಕ್ಲಿಪ್ಪು. ಟೈ ಕಟ್ಟಿದವರು ಒಂದೊಂದು ಕುರ್ಚಿ ನೋಡುತ್ತ ಸಾಲುಗಳ ನಡುವೆ ನಡೆದು ಹೋದರು. ಒಬ್ಬ ಹಿರಿಯರು ಆ ಕ್ಲಿಪ್ಪನ್ನು ಎತ್ತಿ ನೋಡಿ, ಮತ್ತೆ ಅಲ್ಲೇ ಮೆಲ್ಲಗೆ ಇಟ್ಟರು.

ಮೇಡಂ ಫೋನಿನಿಂದ ತಲೆ ಎತ್ತದೆ ಹೇಳಿದರು, "ನಮ್ಮ ಕಡೆಯಿಂದ ಇಷ್ಟೇ. ಇಬ್ಬರಿಗೂ."

"ಸಂತೋಷ," ಎಂದಳು ಅವಳು. ಬಾಯಿಮಾತಿಗಲ್ಲ, ನಿಜಕ್ಕೂ ಸಂತೋಷವಾಗಿತ್ತು. ಸಮವಸ್ತ್ರದ ಮೂವರು ಹೆಂಗಸರು ಬಾಗಿಲಲ್ಲೇ ಕಾದು ನಿಂತು, ನಮ್ಮ ಶಿಫ್ಟಿಗೆ ಯಾವಾಗ ಬರ್ತೀರಕ್ಕಾ ಎಂದು ಕೇಳಿ, ಅವಳ ನಂಬರು ಬರೆದುಕೊಂಡು ಹೋಗಿದ್ದರು. ಕೈಗವಸಿನ ಕೋಣೆಗೆ ಅವಳಿನ್ನು ಮರಳುವುದಿಲ್ಲ. ನಿಲ್ಲಲು ಒಂದು ಪೆಟ್ಟಿಗೆ ಸಿಕ್ಕರೆ ಸಾಕು.

ಅವನು ಹೊರಗೆ ಪೋಸ್ಟರಿನ ಮುಂದೆ ನಿಂತು, ತಾನು ಬರೆದ ಬೆರಳನ್ನಷ್ಟೇ ಉಗುರಿನಿಂದ ಕೆರೆದು ಕಿತ್ತಿದ್ದ. ತೋಳಿನ ಮೇಲೆ ಅವಳ ಕೋಟು ಹಾಗೇ ಇತ್ತು.

"ಇದನ್ನೇನು ಮಾಡ್ಲಿ?" ಎಂದು ಕಾಗದದ ಚೂರು ತೋರಿಸಿದ.

"ನೀವೇ ಇಟ್ಕೊಳ್ಳಿ. ನಂದಂತೂ ಅಲ್ಲ."

ಅವನು ಅದನ್ನು ಅಂಗಿಯ ಜೇಬಿಗಿಟ್ಟುಕೊಂಡ. "ಇನ್ನು ನಿಮ್ಮನ್ನ ಯಾರೂ ಮರೆಯಲ್ಲ."

"ಅವರ ಮಾತು ಬಿಡಿ. ನೀವು?"

ಈ ಸಲ ಬೀಳಲು ಅವನ ಕೈಯಲ್ಲಿ ಪೆನ್ನಿರಲಿಲ್ಲ, ಬಗ್ಗಿ ಅಡಗಲು ಮೇಜೂ ಇರಲಿಲ್ಲ. ಕನ್ನಡಕ ಮಾತ್ರ ಹಣೆಯ ಮೇಲಿತ್ತು. "ನನಗೆ ಮೊದಲ ದಿನದಿಂದಲೂ ನೀವೇ ನೆನಪು," ಎಂದ. "ಬೇರೆ ಏನೂ ಇಲ್ಲ."

ಅವಳು ಒಂದು ಹೆಜ್ಜೆ ಮುಂದೆ ಬಂದಳು.

"ಕೈ?"

ರೂಢಿ ಎಂದರೆ ರೂಢಿ. ಅವನು ಥಟ್ಟನೆ ಎರಡೂ ಕೈ ಭುಜದೆತ್ತರಕ್ಕೆ ಎತ್ತಿದ. ಕೋಟು ಜಾರಿ ನೆಲಕ್ಕೆ ಬಿತ್ತು. ಇಬ್ಬರೂ ಅದನ್ನು ಎತ್ತಿಕೊಳ್ಳಲಿಲ್ಲ. ಎತ್ತಿದ ಆ ಕೈಗಳಲ್ಲಿ ಒಂದನ್ನು ಅವಳು ಕೆಳಗಿಳಿಸಿಕೊಂಡು, ತನ್ನ ಎಡಗೈಯ ನಾಲ್ಕು ಬೆರಳಿನಿಂದ ಬಿಗಿಯಾಗಿ ಹಿಡಿದುಕೊಂಡಳು.