ಧೈರ್ಯದ ಟೋಪಿ

ಉಕ್ಕಡಪುರದ ಅಗ್ನಿಶಾಮಕ ಠಾಣೆಯ ಅಂಗಳದಲ್ಲಿ ನಾಲ್ಕಂತಸ್ತಿನ ತರಬೇತಿ ಗೋಪುರವೊಂದಿದೆ. ಅದರ ತುದಿಯ ಅಂಚಿನಲ್ಲಿ ನೀಲಗಂಗಾ ಒಂಟಿ ಕಾಲಿನಲ್ಲಿ ನಿಂತು ಆಕಳಿಸಿದಳು. ಕೆಳಗೆ ಅಧಿಕಾರಿಗಳು ಚಪ್ಪಾಳೆ ತಟ್ಟಿದರು. ನಿನ್ನೆಯವರೆಗೆ ಸ್ಟೂಲು ಹತ್ತಿ ಕ್ಯಾಲೆಂಡರ್ ಬದಲಿಸಲೂ ಹೆದರುತ್ತಿದ್ದ ಹುಡುಗಿ ಅವಳು. ಇಂದು ತಲೆಯ ಮೇಲೊಂದು ಹಳದಿ ಶಿರಸ್ತ್ರಾಣವಿತ್ತು, ಅಷ್ಟೇ ವ್ಯತ್ಯಾಸ.

ಅದರ ಹೆಸರು 'ಭಯಶಾಮಕ'. ಮನುಷ್ಯನ ಮಿದುಳಿನ ಆಳದಲ್ಲಿ ಬಾದಾಮಿ ಬೀಜದಷ್ಟು ದೊಡ್ಡ ಭಾಗವೊಂದಿದೆ. ಅಪಾಯ ಕಂಡಾಗ ಎದೆ ಬಡಿಯುವಂತೆ, ಅಂಗೈ ಬೆವರುವಂತೆ ಮಾಡುವುದು ಅದರ ಕೆಲಸ. ಶಿರಸ್ತ್ರಾಣದೊಳಗಿನ ತಂತಿಗಳು 'ಶಮನತರಂಗ'ಗಳನ್ನು ಹಾಯಿಸಿ ಆ ಬಾದಾಮಿಯನ್ನು ನಿದ್ದೆಗೆ ತಳ್ಳುತ್ತವೆ. ಜೊತೆಗೊಂದು 'ಭಯಮಾಪಕ'ವೂ ಇದ್ದು, ತೊಟ್ಟವರ ಹೆದರಿಕೆಯನ್ನು ಅಂಕಿಗಳಲ್ಲಿ ದಾಖಲಿಸುತ್ತದೆ. ಊರವರು ಇದನ್ನು ಧೈರ್ಯದ ಟೋಪಿ ಎಂದರು. ಇದನ್ನು ಕಂಡುಹಿಡಿದ ಡಾ. ಇಂದುಶೇಖರರು ಮಾತ್ರ ಹಾಗೆ ಕರೆದವರನ್ನು ತಿದ್ದುತ್ತಿದ್ದರು.

"ಸಾರ್, ಹೆದ್ರಿಕೆ ಪೂರ್ತಿ ತೆಗೆದ್ರೆ ಹೆಂಗ್ರೀ? ಊಟಕ್ಕೆ ಉಪ್ಪಿನಷ್ಟಾದ್ರೂ ಇರ್ಲಿ ಬಿಡ್ರಿ," ಎಂದರು ಠಾಣಾಧಿಕಾರಿ ಅಂಜಿನಪ್ಪ.

ಡಾ. ಇಂದುಶೇಖರರು ನಕ್ಕರು. "ಭಯವೆಂಬುದು ಆದಿಮಾನವನ ಹಳೆಯ ಸಾಮಾನು, ಅಂಜಿನಪ್ಪನವರೇ. ಗುಹೆಗೆ ಹುಲಿ ಬರುತ್ತಿದ್ದ ಕಾಲಕ್ಕೆ ಅದು ಬೇಕಿತ್ತು. ಈಗ ಹುಲಿ ಎಲ್ಲಿದೆ?"

"ಹುಲಿ ಇಲ್ರಿ. ಬೆಂಕಿ ಐತಲ್ರಿ."

ಮೇಜಿನ ಮೇಲಿನ ಲೋಟ ಆರುತ್ತಿರುವುದು ಡಾ. ಇಂದುಶೇಖರರಿಗೆ ಆಗ ನೆನಪಾಯಿತು. ಆದ್ದರಿಂದ ಅವರು ಚಹಾ ಕುಡಿದರು.

ಸರ್ಕಾರ ಕೂಡಲೇ ನಿಯಮ ಹೊರಡಿಸಿತು. ಕರ್ತವ್ಯದಲ್ಲಿ ಭಯಪಟ್ಟ ಸಿಬ್ಬಂದಿ ಅನರ್ಹರು, ಹೊಸಬರಾದರೆ ಆ ದಿನವೇ ಮನೆಗೆ. ನೀಲಗಂಗಾಳಿಗೆ ಟೋಪಿ ವರ, ಈ ನಿಯಮ ಕುತ್ತಿಗೆಗೆ ಹಗ್ಗ. ಅವಳು ಮಂಡಕ್ಕಿ ಹುರಿಯುವ ಭಟ್ಟಿಗಳ ಓಣಿಯಲ್ಲಿ ಹುಟ್ಟಿದವಳು. ಅಲ್ಲಿ ಬೆಂಕಿ ಬಿದ್ದಾಗ, ಕೆಂಪು ಗಾಡಿಯ ಸದ್ದು ಕೇಳಿದೊಡನೆ ಹೆಂಗಸರು ಅಳು ನಿಲ್ಲಿಸುತ್ತಿದ್ದುದನ್ನು ನೋಡಿ ಬೆಳೆದವಳು. ಬೇರೆ ಯಾವ ಕೆಲಸವೂ ಅವಳಿಗೆ ಬೇಕಿರಲಿಲ್ಲ. ಓಟದಲ್ಲಿ ಎಲ್ಲರಿಗಿಂತ ಮುಂದಿದ್ದರೂ ಏಣಿ ಪರೀಕ್ಷೆಯಲ್ಲಿ ಪ್ರತಿ ವರ್ಷ ಅರ್ಧಕ್ಕೇ ಕಣ್ಣು ಮುಚ್ಚಿ ಅಳುತ್ತ ಇಳಿಯುತ್ತಿದ್ದಳು. ವಯೋಮಿತಿಗೆ ಇದೇ ಕೊನೆಯ ವರ್ಷ, ಟೋಪಿ ಬಂತು, ಗೆದ್ದಳು. ಟೋಪಿ ಇಲ್ಲದಿದ್ದರೆ ತಾನು ಯಾವುದಕ್ಕೂ ಬಾರದವಳು ಎಂಬುದು ಅವಳಿಗೆ ಗೊತ್ತಿತ್ತು.

ಆಮೇಲೆ ಠಾಣೆಯಲ್ಲಿ ವಿಚಿತ್ರ ಶಾಂತಿ ನೆಲೆಸಿತು. ಬೆಂಕಿಯ ಗಂಟೆ ಬಾರಿಸಿದರೆ, "ಇದೊಂದ್ ಬೋರ್ಡ್ ಮುಗೀಲಿ ತಡೀರಿ," ಎಂದು ಕೇರಂ ಮುಂದುವರಿಯುತ್ತಿತ್ತು. ಚಾಲಕ ಮೌಲಾಸಾಬರು ಎಮ್ಮೆಗಳಿಗೂ ದಾರಿ ಬಿಟ್ಟು, ನಡುವೆ ಗಾಡಿ ನಿಲ್ಲಿಸಿ ಬಾಳೆಹಣ್ಣಿನ ದರ ವಿಚಾರಿಸಿ, ನಿಧಾನವಾಗಿ ಸ್ಥಳಕ್ಕೆ ತಲುಪುತ್ತಿದ್ದರು. ಹೆದರಿಕೆಯೇ ಇಲ್ಲದವರಿಗೆ ಅವಸರವಾದರೂ ಏಕೆ? ಒಬ್ಬ ಸಿಬ್ಬಂದಿಯಂತೂ ಉರಿಯುವ ಮೆಟ್ಟಿಲನ್ನು ತೋರಿಸಿ, "ಏನಾಗಲ್ಲ, ಆರಾಮಾಗಿ ಇಳೀರಿ," ಎಂದು ಒಂದು ಕುಟುಂಬವನ್ನು ಆಸ್ಪತ್ರೆಗೆ ಸೇರಿಸಿದ. ಆ ದಿನ ಪಕ್ಕದಲ್ಲೇ ನಿಂತಿದ್ದ ನೀಲಗಂಗಾಳಿಗೆ ಜ್ವಾಲೆಯ ಬಣ್ಣ ಎಷ್ಟು ಚೆಂದ ಎನಿಸಿತ್ತು. ಟೋಪಿ ತೆಗೆದು ಮನೆಗೆ ಹೋದ ಮೇಲೆ ಅದು ನೆನಪಾಗಿ ಅಸಹ್ಯವಾಯಿತು, ಬಿಕ್ಕಿಬಿಕ್ಕಿ ಅತ್ತಳು. ಡಾ. ಇಂದುಶೇಖರರ ವರದಿಯಲ್ಲಿ ಮಾತ್ರ ಎಲ್ಲವೂ ಸುಖ: 'ಸಿಬ್ಬಂದಿಯ ಸರಾಸರಿ ಭಯ ಸೊನ್ನೆ. ಯೋಜನೆ ಯಶಸ್ವಿ.' ಸುಟ್ಟ ಮನೆಗಳ ಬಗ್ಗೆ ಬರೆಯಲು ಅದರಲ್ಲಿ ಜಾಗವಿರಲಿಲ್ಲ.

ಹೀಗಿರಲು ಆಯುಧಪೂಜೆ ಬಂತು. ಅಗ್ನಿಶಾಮಕ ಠಾಣೆಯಲ್ಲಿ ಆಯುಧಪೂಜೆಯೆಂದರೆ ಮದುವೆಮನೆಯೇ ಸರಿ. ಗಾಡಿಗೆ ಬಾಳೆಕಂದು, ಏಣಿಗೆ ಚೆಂಡುಹೂವು, ಪೈಪಿಗೆ ವಿಭೂತಿ. ಠಾಣೆಯ ತುಂಬ ಬಣ್ಣದ ದೀಪದ ಸರ ಹಾಕಲು ಪ್ಲಗ್ಗು ಸಾಲದಾದಾಗ, ಅಂಜಿನಪ್ಪನವರು ಹಿಂದಿನ ಸಂಜೆಯೇ ಕಪಾಟಿನ ಹಿಂದಿನ ವೈರು ಕಿತ್ತು ಅಲ್ಲಿ ಸೀರಿಯಲ್ ಸೆಟ್ ಸಿಕ್ಕಿಸಿದರು. ಠಾಣೆ ಝಗಝಗ ಹೊಳೆಯಿತು. ಕಿತ್ತ ವೈರು ಕಪಾಟಿನೊಳಗಿನ ಟೋಪಿಗಳನ್ನು ರಾತ್ರಿಯಿಡೀ ಚಾರ್ಜು ಮಾಡುವಂಥದು ಎಂದು ಯಾರಿಗೂ ಹೊಳೆಯಲಿಲ್ಲ.

ಮರುದಿನ ಮಧ್ಯಾಹ್ನ ಹೋಳಿಗೆ ಎಲೆಗೆ ಬೀಳುವಷ್ಟರಲ್ಲಿ ಗಂಟೆ ಮೊಳಗಿತು. ಭಟ್ಟಿ ಓಣಿಯಲ್ಲಿ ಬೆಂಕಿ. ಎಲ್ಲರೂ ಕುಂಕುಮ ಹಚ್ಚಿದ ಟೋಪಿಗಳನ್ನು ತಲೆಗೇರಿಸಿದರು. ಮರುಕ್ಷಣ ಎಲ್ಲರ ಎದೆಯೂ ಢವಢವ ಎಂದಿತು. ತನ್ನದೊಂದೇ ಟೋಪಿ ಕೆಟ್ಟಿದೆ, ಉಳಿದವರು ಧೀರರು ಎಂದು ಪ್ರತಿಯೊಬ್ಬರೂ ತಿಳಿದು ಬಾಯಿ ಹೊಲಿದುಕೊಂಡರು. ಆದರೆ ಕಾಲುಗಳು ಸುಳ್ಳು ಹೇಳಲಿಲ್ಲ, ಎದ್ದು ಬಿದ್ದು ಗಾಡಿಗೆ ಓಡಿದವು. ಮೌಲಾಸಾಬರು ಎಮ್ಮೆಗಳನ್ನು ಬೈಯುತ್ತ, ಹಾರ್ನ್ ಒತ್ತಿಹಿಡಿದು ಗಾಡಿ ಹಾರಿಸಿಕೊಂಡು ಹೋದರು.

ಭಟ್ಟಿಯ ಅಟ್ಟದ ಮೇಲೆ, ಮಂಡಕ್ಕಿ ಚೀಲಗಳ ನಡುವೆ ಹನುಮವ್ವ ಎಂಬ ಕೂಲಿ ಹೆಂಗಸು ಸಿಕ್ಕಿಬಿದ್ದಿದ್ದಳು. ಕೆಳಗೆ ಬತ್ತದ ಹೊಟ್ಟು ಉರಿಯುತ್ತಿತ್ತು. ಮೇಲೇರುವ ಸರದಿ ನೀಲಗಂಗಾಳದು. ಟೋಪಿ ಸತ್ತಿದೆ ಎಂದು ಬಾಯಿಬಿಟ್ಟರೆ ಕೆಲಸ ಹೋಗುತ್ತದೆ, ಸುಮ್ಮನೆ ನಿಂತರೆ ಹೆಂಗಸು ಸಾಯುತ್ತಾಳೆ. ಅವ್ವಾ ಎಂದು ಗೊಣಗುತ್ತ ಮೆಟ್ಟಿಲು ಮೆಟ್ಟಿಲನ್ನೂ ಒದ್ದು ನೋಡಿಯೇ ಏಣಿ ಹತ್ತಿದಳು. ಗೋಡೆ ಮುಟ್ಟಿ ಬಿಸಿ ನೋಡಿದಳು, ಇಳಿಯುವ ದಾರಿ ಎಲ್ಲೆಂದು ಹತ್ತುವಾಗಲೇ ಹುಡುಕಿದಳು.

ಹಳದಿ ಟೋಪಿ ಕಾಣುತ್ತಲೇ ಹನುಮವ್ವ ಚೀಲ ತಬ್ಬಿಕೊಂಡಳು. "ನಾ ಬರಾಂಗಿಲ್ಲ! ನೀವು ಟೋಪಿಯವ್ರು ಉರಿಯೋ ಮೆಟ್ಲ ಮ್ಯಾಗ ಇಳಿ ಅಂತೀರಿ. ಹೆದ್ರಿಕಿ ಇಲ್ದವ್ರನ್ನ ನಂಬಿ ನಾ ಸಾಯ್ಲಾ?"

"ಯವ್ವಾ, ನನ್ ಕೈ ನೋಡು," ಎಂದು ನೀಲಗಂಗಾ ಕೈಚಾಚಿದಳು. ಅದು ಗಡಗಡ ನಡುಗುತ್ತಿತ್ತು. "ನನ್ ಜೀವ ಬಾಯಿಗೆ ಬಂದೈತಿ. ಬಲಗಡೆ ಗೋಡೆ ಇನ್ನಾ ತಣ್ಣಗೈತಿ, ಅಲ್ಲಿಂದ ಇಳಿಯಣ. ಬೇಗ ಬಾ, ನಿನ್ ಕಾಲಿಗ್ ಬೀಳ್ತೀನಿ!"

ಹನುಮವ್ವ ಆ ಕೈಯನ್ನು ನೋಡಿದಳು. "ಹೆದ್ರಿಕಿ ಐತಾ ನಿಂಗ? ಹಂಗಾದ್ರ ದಾರಿ ನೋಡ್ಕೊಂಡೇ ಬಂದಿರ್ತಿ, ನಡಿ," ಎಂದು ಗಟ್ಟಿಯಾಗಿ ಹಿಡಿದಳು. ಇಬ್ಬರೂ ನೆಲ ಮುಟ್ಟಿದ ಮೇಲೆ ಅಟ್ಟ ಕುಸಿಯಿತು.

ವಾರದ ನಂತರ ರಾಜಧಾನಿಯ ಕಚೇರಿಗೆ ನೀಲಗಂಗಾಳಿಗೂ ಅಂಜಿನಪ್ಪನವರಿಗೂ ಕರೆ ಬಂತು. ಉದ್ದನೆಯ ಮೇಜು, ಅದರಾಚೆ ಹಿರಿಯ ಅಧಿಕಾರಿಗಳು. ಮೇಜಿನ ಮೇಲೆ ಪ್ರದರ್ಶನಕ್ಕೆಂದು ಪೂರ್ತಿ ಚಾರ್ಜಾದ ಒಂದು ಹಳದಿ ಟೋಪಿ.

"ಅದ್ಭುತ!" ಎಂದರು ಡಾ. ಇಂದುಶೇಖರ. "ಅಂದು ಇಡೀ ತಂಡದ ಭಯಮಾಪಕ ಅಪ್ಪಟ ಸೊನ್ನೆ ತೋರಿಸಿದೆ. ತಲುಪಿದ ವೇಗವೂ ಹೊಸ ದಾಖಲೆ. ಈ ಹುಡುಗಿಯೇ ಭಯಶಾಮಕದ ಅತ್ಯುತ್ತಮ ಉದಾಹರಣೆ. ನಾಳೆಯಿಂದಲೇ ರಾಜ್ಯದ ಎಲ್ಲ ಠಾಣೆಗಳಿಗೂ ಟೋಪಿ ಕೊಡಬಹುದು."

ಪ್ರಾಣವಿಲ್ಲದ ಯಂತ್ರ ಸೊನ್ನೆಯಲ್ಲದೆ ಇನ್ನೇನು ತೋರಿಸೀತು!

ಹಿರಿಯ ಅಧಿಕಾರಿ ನೀಲಗಂಗಾಳ ಕಾಯಂ ಆದೇಶವನ್ನು ಮುಂದಕ್ಕೆ ತಳ್ಳಿದರು. "ಏನಮ್ಮಾ, ಹೇಳುವುದೇನಾದರೂ ಇದೆಯೇ?"

ಹೇಳುವುದು ಬೇಕಾದಷ್ಟಿತ್ತು. ಆದರೆ ಉರಿಯುವ ಅಟ್ಟದ ಮುಂದೆಯೂ ಇಷ್ಟಿರದ ಹೆದರಿಕೆ ಈ ಮೇಜಿನ ಮುಂದೆ ಅವಳನ್ನು ಅಮುಕಿತು. ಸುಮ್ಮನಿದ್ದರೆ ಕೆಲಸ ಉಳಿಯುತ್ತದೆ, ಮಾತಾಡಿದರೆ ಇಂದೇ ಮನೆಗೆ. ಆದರೆ ರಾಜ್ಯದ ಎಲ್ಲ ಠಾಣೆಗಳು! ಎಲ್ಲ ಓಣಿಗಳ ಹನುಮವ್ವಂದಿರು! ಅವಳು ತಟ್ಟನೆ ಕೈಚಾಚಿ ಮೇಜಿನ ಟೋಪಿಯನ್ನು ಎತ್ತಿ ತಲೆಗಿಟ್ಟುಕೊಂಡಳು. ಎದೆಬಡಿತ ಇಳಿಯಿತು. ಎದುರಿಗೆ ಕುಳಿತವರು ಅಂಗಿ ತೊಟ್ಟ ಸಾಮಾನ್ಯ ಮನುಷ್ಯರಂತೆ ಕಂಡರು.

"ಸರ್, ಅವತ್ತು ಟೋಪಿ ಸತ್ತಿತ್ತು. ನಾವೆಲ್ಲ ಹೆದ್ರಿದ್ವಿ, ಅದಕ್ಕೇ ಓಡಿದ್ವಿ. ಇದು ನೆಟ್ಟಗೆ ಕೆಲ್ಸ ಮಾಡಿದ ದಿನಗಳಲ್ಲಿ ಜನ ಸುಟ್ಕೊಂಡ್ರು, ನಾವು ನಿಂತು ನೋಡಿದ್ವಿ. ನಿಮ್ಮ ವರದಿ ಬರೇ ಸುಳ್ಳು. ಇನ್ನು ನನ್ ಕೆಲ್ಸ ತೆಗೀರಿ."

ಡಾ. ಇಂದುಶೇಖರರು ಅಂಜಿನಪ್ಪನವರ ಕಡೆ ತಿರುಗಿದರು. "ಇವಳು ಹೇಳುತ್ತಿರುವುದು ನಿಜವೇ?"

ಅಂಜಿನಪ್ಪ ತಲೆ ತಗ್ಗಿಸಿ ಬೆವರೊರೆಸಿಕೊಂಡರು. ಆಮೇಲೆ ನೀಲಗಂಗಾಳತ್ತ ಕೈಚಾಚಿದರು. "ಸ್ವಲ್ಪ ಇತ್ಲಾಗ್ ಕೊಡವ್ವಾ ಆ ಟೋಪಿ."

ಅವರು ಅದನ್ನು ತೊಟ್ಟು ಮಾತಾಡತೊಡಗಿದರು. ಸೀರಿಯಲ್ ಸೆಟ್ಟಿನಿಂದ ಶುರುವಾದದ್ದು, ತೂತುಬಿದ್ದ ಪೈಪುಗಳನ್ನು ಯಾವ ಸಾಹೇಬರ ಭಾವಮೈದುನ ಪೂರೈಸಿದ ಎಂಬಲ್ಲಿಗೆ ಬಂದಾಗ ಹಿರಿಯ ಅಧಿಕಾರಿ ಎದ್ದು ನಿಂತು ಸಭೆ ಮುಗಿಸಿದರು. ಆದರೆ ಬಾಗಿಲ ಬಳಿ ನಿಂತಿದ್ದ ಗುಮಾಸ್ತರು ಆಗಲೇ ಆ ಟೋಪಿಯನ್ನು ಆಸೆಗಣ್ಣಿನಿಂದ ನೋಡುತ್ತಿದ್ದರು.

ಅಷ್ಟೊಂದು ಮನೆಗಳು ಸುಟ್ಟರೂ ಹೊರಡದಿದ್ದ ಆದೇಶ ಅಂದು ಸಂಜೆಯೊಳಗೆ ಹೊರಟಿತು. ಭಯಶಾಮಕಗಳನ್ನೆಲ್ಲ ಹಿಂದಕ್ಕೆ ಪಡೆಯಲಾಯಿತು, ಅದರೊಡನೆ ಭಯಪಟ್ಟವರು ಅನರ್ಹರೆಂಬ ನಿಯಮವೂ ರದ್ದಾಯಿತು. ಹೀಗಾಗಿ ನೀಲಗಂಗಾಳನ್ನು ಕೆಲಸದಿಂದ ತೆಗೆಯಲು ಯಾವ ಕಾರಣವೂ ಉಳಿಯಲಿಲ್ಲ. ಅವಳು ಇಂದಿಗೂ ಅಳುತ್ತಲೇ ಏಣಿ ಹತ್ತುತ್ತಾಳೆ, ಹೊತ್ತಿಗೆ ಸರಿಯಾಗಿ ತಲುಪುತ್ತಾಳೆ. ಟೋಪಿಗಳನ್ನು ಹಿಂಪಡೆದದ್ದಕ್ಕೆ ಆದೇಶದಲ್ಲಿ ಕೊಟ್ಟ ಕಾರಣ ಇಷ್ಟೇ: ಇವುಗಳ ಬಳಕೆಯಿಂದ ಸಿಬ್ಬಂದಿ ಮೇಲಧಿಕಾರಿಗಳೊಡನೆ ಹೆದರದೆ ಮಾತನಾಡುವ ಸಂಭವವಿದೆ.