ನಿದ್ದೆಗಣ್ಣಿನ ಶ್ರುತಿ

"ಇದು ನಮ್ಮ ಗಿಟಾರ್ ಅಲ್ಲ," ಅಂದ ಕನ್ನಡಕದಂಗಡಿಯವನು.

ಗಿಟಾರ್ ರಿಪೇರಿ ಮಾಡಿಕೊಟ್ಟಿದ್ದ ಅವಳಿಗೆ ಮೈಯೆಲ್ಲ ಉರಿದುಹೋಯಿತು. ಗಿಟಾರಿನ ಹೊಟ್ಟೆಯ ಮೇಲೆ ತಂತಿಗಳನ್ನು ಹಿಡಿದು ನಿಲ್ಲಿಸುವ ಮರದ ಪಟ್ಟಿ ಎದ್ದು ಬಂದಿತ್ತು. ಅದನ್ನು ಬಿಡಿಸಿ, ಹಳೆಯ ಅಂಟು ಕೆರೆದು, ಹೊಸ ಅಂಟು ಹಾಕಿ, ಹಸುಗೂಸನ್ನು ಕಾಯುವ ಹಾಗೆ ಕಾದು ಕೂರಿಸಿದ್ದಳು. ಹೊಸ ತಂತಿ ಕಟ್ಟಿ, ಟ್ಯೂನರಿನ ಹಸಿರು ದೀಪ ಹೊತ್ತುವವರೆಗೂ ಒಂದೊಂದನ್ನೂ ಶ್ರುತಿ ಮಾಡಿದ್ದಳು. ನಿನ್ನೆ ಮನೆಗೆ ಒಯ್ದಿದ್ದ ಈ ಮಹಾಶಯ ಇವತ್ತು ಅದನ್ನೇ ಎತ್ತಿಕೊಂಡು ವಾಪಸು ಬಂದಿದ್ದ.

"ನಿಮಗೆ ಗಿಟಾರ್ ನುಡಿಸೋಕೆ ಬರುತ್ತಾ?"

"ಇಲ್ಲ."

"ಹಾಡೋಕೆ?"

"ಬಾತ್‌ರೂಮಲ್ಲೂ ಹಾಡಲ್ಲ."

"ಮತ್ತೆ ಯಾವ ಧೈರ್ಯದ ಮೇಲೆ ಹೇಳ್ತಿದೀರಿ?"

ಅವನು ಕನ್ನಡಕ ತೆಗೆದು ಅಂಗಿಯ ಅಂಚಿಗೆ ಒರೆಸಿಕೊಂಡ. ಜಗಳಕ್ಕೆ ಬಂದವನ ಮುಖವಾಗಿರಲಿಲ್ಲ ಅದು. ಕನ್ನಡಕವಿಲ್ಲದ ಆ ಕಣ್ಣುಗಳು ಎಷ್ಟು ದೊಡ್ಡವು ಅನ್ನುವುದು ಅವಳ ಗಮನಕ್ಕೆ ಬಂತು, ಬಂದದ್ದಕ್ಕೆ ಇನ್ನಷ್ಟು ಸಿಟ್ಟೂ ಬಂತು.

"ಇದು ಅಪ್ಪಂದು. ಅವರು ತೀರಿಕೊಂಡು ಕೆಲವು ತಿಂಗಳಾಯ್ತು," ಅಂದ. "ಅಮ್ಮ ದಿನಾ ಬೆಳಿಗ್ಗೆ ಎದ್ದವರೇ, ಮುಖಾನೂ ತೊಳೀದೆ, ಇದರ ಮೇಲೆ ಒಂದೇ ಒಂದು ಸಲ ಹೆಬ್ಬೆರಳು ಎಳೀತಾರೆ. ಅಪ್ಪ ಬಿಟ್ಟು ಹೋದ ಶ್ರುತಿ ಹಾಗೇ ಇತ್ತು, ಯಾರೂ ಮುಟ್ಟಿರಲಿಲ್ಲ. ಆ ಶಬ್ದ ಕೇಳಿದ ಮೇಲೇನೇ ಅವರು ಕಿಟಕಿ ತೆಗೆಯೋದು, ಚಹಾಕ್ಕಿಡೋದು. ಇವತ್ತೂ ಎಳೆದ್ರು. ಆಮೇಲೆ ಸುಮ್ಮನೆ ಕೂತ್ಬಿಟ್ರು. ನಾನು ಅಂಗಡಿಗೆ ಹೊರಟಾಗಲೂ ಕಿಟಕಿ ಮುಚ್ಚೇ ಇತ್ತು."

ಅವಳ ಸಿಟ್ಟು ಇಳಿದ ಜಾಗದಲ್ಲಿ ಬೇರೇನೋ ಬಂದು ಕುಳಿತಿತು. ಗಿಟಾರ್ ಬಂದ ದಿನ ತಂತಿಗಳು ಸಡಿಲವಾಗಿದ್ದವು. ಗೋಡೆಗೆ ನೇತುಹಾಕಿ ಮರೆತ ಎಲ್ಲರ ಗಿಟಾರಿನ ಹಾಗೆ ಇದೂ ಜಾರಿದೆ ಅಂದುಕೊಂಡು, ಒಮ್ಮೆಯೂ ಮೀಟಿ ನೋಡದೆ ಬಿಚ್ಚಿ ಎಸೆದಿದ್ದಳು. ಹಾಗೆ ತಂತಿ ಇಳಿಸಿ, ಬೆರಳು ಒತ್ತದೆಯೇ ಆರೂ ಕೂಡಿ ಒಂದು ತುಂಬಿದ ನಾದವಾಗುವಂತೆ ಕೂರಿಸುವವರಿದ್ದಾರೆ. ಹಳೆಯ ರಾಕ್ ಹಾಡುಗಳ ಹುಚ್ಚಿನವರಂತೂ ಹೆಚ್ಚಾಗಿ ಮಾಡುವುದೇ ಅದನ್ನು. ಅದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಕೇಳಿಸಿಕೊಂಡಿರಲಿಲ್ಲ.

"ತಪ್ಪು ನಂದೇ," ಅಂದಳು. "ಬಿಚ್ಚೋಕೆ ಮುಂಚೆ ಒಂದ್ಸಲ ಕೇಳಬೇಕಿತ್ತು. ಹುಡುಕೋಣ."

"ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ್ರಂತೆ," ಅಂತ ಮುಂದಿನ ಅರ್ಧದಿಂದ ಮಾವನ ದನಿ ಬಂತು. ಅವಳ ಸೋದರಮಾವ ಬಾಗಿಲು ಕಿಟಕಿಗಳ ಬಡಗಿ. ಅಂಗಡಿಯ ಮುಂದಿನರ್ಧ ಅವನದು, ಹಿಂದಿನರ್ಧ ಅವಳದು. ಮರದ ಕೆಲಸ ಕಲಿಸಿದವನು ಅವನೇ, ಆದ್ದರಿಂದ ಕಿಚಾಯಿಸುವ ಹಕ್ಕೂ ತನ್ನದೇ ಅಂದುಕೊಂಡಿದ್ದ.

ಅಂದಿನಿಂದ ಕನ್ನಡಕದವನು ಸಂಜೆ ತನ್ನ ಅಂಗಡಿಯ ಶಟರ್ ಎಳೆದು ನೇರ ಇಲ್ಲಿಗೆ ಬರತೊಡಗಿದ.

ಮೊದಲ ಸಂಜೆ ಇಬ್ಬರೂ ಕಂಗೆಟ್ಟರು. ಅವಳು ತನಗೆ ಗೊತ್ತಿದ್ದ ಶ್ರುತಿಗಳನ್ನೆಲ್ಲ ಕೂರಿಸಿ ತೋರಿಸಿದಳು. ಅವನು ತಲೆ ಅಲ್ಲಾಡಿಸಿ, "ಅಲ್ಲ ಅಂತ ಗೊತ್ತಾಗುತ್ತೆ. ಹೇಗಿತ್ತು ಅಂತ ಹೇಳೋಕೆ ಬರಲ್ಲ," ಅಂದ. ಆಮೇಲೆ ಏನೋ ಹೊಳೆದು ಕುರ್ಚಿಯಲ್ಲಿ ನೆಟ್ಟಗೆ ಕೂತ.

"ಕಣ್ಣು ಪರೀಕ್ಷೆ ಮಾಡೋವಾಗ ನಾವು ಯಾರನ್ನೂ ನಿಮ್ಮ ನಂಬರ್ ಎಷ್ಟು ಅಂತ ಕೇಳಲ್ಲ. ಒಂದು ಗಾಜು ಹಾಕಿ, ಇನ್ನೊಂದು ಹಾಕಿ, ಇದಾ ಅದಾ ಅಂತ ಕೇಳ್ತೀವಿ. ನಂಬರ್ ಯಾರಿಗೂ ಗೊತ್ತಿರಲ್ಲ, ಯಾವುದು ಹೆಚ್ಚು ಸರಿ ಅಂತ ಎಲ್ಲರಿಗೂ ಗೊತ್ತಾಗುತ್ತೆ. ನನ್ನನ್ನೂ ಹಾಗೇ ಕೇಳಿ."

ಅವಳು ಒಂದು ತಂತಿಯ ಬಿರಡೆಯನ್ನು ಕೂದಲೆಳೆಯಷ್ಟು ತಿರುವಿ ಆರೂ ತಂತಿ ಸವರಿದಳು. ಮತ್ತೆ ತಿರುವಿ, ಮತ್ತೆ ಸವರಿದಳು. "ಇದಾ, ಅದಾ?"

ಅವನು ಕಣ್ಣು ಮುಚ್ಚಿಕೊಂಡಿದ್ದ. "ಅದು."

ನುಡಿಸಲು ಬಾರದವನ ಕಿವಿ ಒಂದು ಸಲವೂ ತಡವರಿಸಲಿಲ್ಲ. ಅವಳಿಗೆ ಆಶ್ಚರ್ಯವಾಯಿತು. ಮನೆಯ ಇನ್ನೊಂದು ಕೋಣೆಯಲ್ಲಿ ಬೆಳೆಯುತ್ತ, ಬೇಡಬೇಡವೆಂದು ಕೇಳಿದ್ದೆಲ್ಲ ಇವನೊಳಗೆ ಇಳಿದು ಕುಳಿತಿತ್ತು. ಮುಚ್ಚಿದ ರೆಪ್ಪೆಗಳು ನಾದದ ಜೊತೆ ಚೂರೇ ಚೂರು ಅದುರುವುದನ್ನು ಅವಳು ಯಾರ ಭಯವೂ ಇಲ್ಲದೆ ನೋಡಿದಳು. ಅವನು ಕಣ್ಣು ತೆರೆದಾಗ ಟ್ಯೂನರನ್ನು ನೋಡುತ್ತಿದ್ದಳು, ಅದು ಆಫ್ ಆಗಿತ್ತು.

ನಡುನಡುವೆ ಅವಳು ಹಳೆಯ ಹಾಡುಗಳನ್ನು ನುಡಿಸುತ್ತಿದ್ದಳು. ಇವರಿಬ್ಬರೂ ಹುಟ್ಟುವ ಮೊದಲಿನ ಹಾಡುಗಳು. ಕೆಲವು ಒಂಟಿ ಗಿಟಾರಿನಲ್ಲಿ ಮೆಲ್ಲಗೆ ಶುರುವಾಗಿ, ಕೊನೆಗೆ ಕೋಣೆಯ ಗೋಡೆಗಳೇ ಸಾಲದು ಅನ್ನಿಸುವಷ್ಟು ಬೆಳೆಯುತ್ತಿದ್ದವು.

"ಚಿಕ್ಕವನಿದ್ದಾಗ ಇದನ್ನ ಗಲಾಟೆ ಅಂತ ಕಿವಿ ಮುಚ್ಕೋತಿದ್ದೆ," ಅಂದ ಅವನು. ದನಿ ಸಣ್ಣದಾಗಿತ್ತು. "ಇದರೊಳಗೆ ಇಷ್ಟೊಂದು ಇತ್ತಾ?"

"ನಂಗೂ ದಿನಾ ಹಾಗೇ ಅನ್ಸುತ್ತೆ. ಯಾರೋ ಒಬ್ಬ, ಮೀಸೆ ಸರಿಯಾಗಿ ಬಂದಿರದ ಹುಡುಗ, ಬಾಡಿಗೆ ರೂಮಲ್ಲಿ ಮಂಚದ ಮೇಲೆ ಕೂತ್ಕೊಂಡು ಮಾಡಿದ್ದು. ಐವತ್ತು ವರ್ಷ ಆಯ್ತು. ಇವತ್ತಿಗೂ ಕಾಲೇಜು ಮಕ್ಕಳು ಗಿಟಾರ್ ಕೊಂಡ ದಿನವೇ ಬಂದು ಇದನ್ನೇ ಕಲಿಸಿ ಅಂತಾರೆ. ಮರ, ತಂತಿ, ಗಾಳಿ, ಅಷ್ಟೇ ತಾನೇ? ನಾನು ಒಳಗೆಲ್ಲ ಬಿಚ್ಚಿ ನೋಡಿದೀನಿ. ಒಳಗೆ ಏನೂ ಇಲ್ಲ!"

ಅವಳು ಎರಡೂ ಕೈ ಅಗಲಿಸಿ ಹೇಳಿದ ರೀತಿಗೆ ಅವನು ನಕ್ಕ. ನಗುವುದು ಮುಗಿದರೂ ನೋಡುವುದು ಮುಗಿಯಲಿಲ್ಲ.

"ಏನು?"

"ಹುಬ್ಬಿನ ಮೇಲೆ ಮರದ ಹೊಟ್ಟು."

"ಯಾವಾಗಿಂದ?"

"ನಿನ್ನೆಯಿಂದ. ಚೆನ್ನಾಗಿ ಕಾಣ್ತಿತ್ತು, ಹೇಳಲಿಲ್ಲ."

ಮರುದಿನ ಸಂಜೆಯಾಗುತ್ತಿದ್ದ ಹಾಗೆ ಅವಳು ಮುಖ ತೊಳೆದುಕೊಂಡು ಬಂದಳು. ಮಾವ ಬಾಗಿಲ ಚೌಕಟ್ಟಿಗೆ ಮೊಳೆ ಹೊಡೆಯುತ್ತ, "ಇವತ್ತೇನು ವಿಶೇಷ?" ಅಂದ.

"ಯಾಕೆ, ನಾನು ಮುಖ ತೊಳೀಬಾರ್ದಾ? ಅವರಿಗೋಸ್ಕರ ಏನಲ್ಲ!"

"ನಾನು ಯಾರ ಹೆಸರೂ ಎತ್ತಿಲ್ಲವಲ್ಲಮ್ಮ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ಯಲ್ಲ."

ಹಾಗೆ ದಿನಗಳು ಸರಿದವು. ಒಂದೊಂದು ತಂತಿ ತನ್ನ ಜಾಗಕ್ಕೆ ಬಂದು ಕೂತ ಹಾಗೆಲ್ಲ ಅವಳ ಎದೆಯಲ್ಲಿ ಸಂತೋಷದ ಜೊತೆ ಸಣ್ಣ ಸಂಕಟವೂ ಏಳುತ್ತಿತ್ತು. ಆರನೆಯದೂ ಸಿಕ್ಕರೆ ಈ ಸಂಜೆಗಳು ಮುಗಿದವು. ಅವನ ಮನೆಯಲ್ಲಿ ಒಬ್ಬ ಹೆಂಗಸು ಮೌನದಲ್ಲಿ ಏಳುತ್ತಿರುವಾಗ ಇಂಥ ಯೋಚನೆಯೇ ಎಂದು ತನ್ನನ್ನು ತಾನೇ ಬೈದುಕೊಂಡಳು. ಬೈದರೂ ಬಿರಡೆಯನ್ನು ಕೊಂಚ ನಿಧಾನವಾಗಿಯೇ ತಿರುವಿದಳು.

ಒಂದು ಸಂಜೆ ಅವಳು ಸವರಿದ ಕೂಡಲೇ ಅವನ ಮುಖ ಬಿಳುಪೇರಿತು. "ಇದಾ?" ಅಂದಳು.

ಅವನು ಕನ್ನಡಕ ತೆಗೆದು ಒರೆಸತೊಡಗಿದ. "ಅಲ್ಲ," ಅಂದ. "ಹತ್ತಿರ ಇದೆ. ಆದ್ರೆ ಅಲ್ಲ."

ಅವಳಿಗೆ ತಡೆಯಲಾಗಲಿಲ್ಲ. "ಇನ್ನು ನಿಮ್ಮ ಕಿವಿ ಸಾಕು. ನಾಳೆ ಬೆಳಿಗ್ಗೆ ನಾನೇ ಮನೆಗೆ ಬರ್ತೀನಿ. ಅಮ್ಮನ್ನೇ ಕೇಳೋಣ."

ಅವನ ಅಮ್ಮ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ನಿವೃತ್ತರಾದವರು. ಬಾಗಿಲಲ್ಲೇ ಇವಳ "ನಮಸ್ತೆ" ಕೇಳಿ, "ರಾತ್ರಿ ಸರಿಯಾಗಿ ನಿದ್ದೆ ಮಾಡಿಲ್ಲ ನೀನು," ಅಂದರು. ಕೋಣೆಯಲ್ಲಿ ಒಂದು ಮಂಚ, ಸಾಲಾಗಿ ನಿಂತ ಹಳೆಯ ರೆಕಾರ್ಡುಗಳು, ಗೋಡೆಯ ಮೇಲೊಂದು ಖಾಲಿ ಮೊಳೆ. ಕಿಟಕಿ ಮುಚ್ಚಿತ್ತು.

ಅವಳು ಗಿಟಾರನ್ನು ಅವರ ಮುಂದೆ ಹಿಡಿದಳು. ಅಮ್ಮ ಹೆಬ್ಬೆರಳು ಎಳೆದರು. ಕಣ್ಣು ಮುಚ್ಚಿ, ನಾದ ಪೂರ್ತಿ ಆರುವವರೆಗೆ ಕಾದರು.

"ಎಲ್ಲ ಸರಿ ಇದೆ ಮಗಳೇ. ಆದ್ರೆ ಇದಕ್ಕೆ ಪೂರ್ತಿ ಎಚ್ಚರ ಆಗ್ಬಿಟ್ಟಿದೆ. ಅವರದು ಇನ್ನೂ ನಿದ್ದೆಗಣ್ಣಲ್ಲಿ ಇರ್ತಿತ್ತು."

ಕನ್ನಡಕದವನು ದಂಗಾಗಿ ಅಮ್ಮನನ್ನೇ ನೋಡಿದ. ಅವಳಿಗೆ ಅವನ ಕಡೆ ನೋಡುವ ವ್ಯವಧಾನವಿರಲಿಲ್ಲ. ತಂತಿ ತಂತಿಗಳ ನಡುವಿನ ಸಂಬಂಧ ಸರಿ, ಆದರೆ ಎಲ್ಲವೂ ಒಟ್ಟಾಗಿ ತುಸು ಕೆಳಗಿರಬೇಕು. ಎಷ್ಟು ಕೆಳಗೆ?

"ಅಮ್ಮ, ಅವರು ಶ್ರುತಿ ಮಾಡ್ತಿದ್ದದ್ದು ಹೇಗೆ? ಇಂಥ ಟ್ಯೂನರ್ ಇತ್ತಾ?"

"ಅದೆಲ್ಲ ಎಲ್ಲಿ? ರೆಕಾರ್ಡ್ ಹಾಕೋರು, ಅದರ ಜೊತೆ ಸೇರಿಸ್ಕೊಳ್ಳೋರು, ಅದರ ಜೊತೆಗೇ ನುಡಿಸೋರು. ಅವರಿಗೆ ಬೇರೆ ಗುರು ಇರಲಿಲ್ಲ."

ಅವಳು ಮಂಡಿಯೂರಿ ರೆಕಾರ್ಡ್ ಪ್ಲೇಯರಿನ ಮುಚ್ಚಳ ತೆಗೆದಳು. ತಟ್ಟೆಯ ಮೇಲೆ ಒಂದು ರೆಕಾರ್ಡ್ ಇದ್ದೇ ಇತ್ತು. ಸೂಜಿ ಇಳಿಸಿದಳು. ಒಂಟಿ ಗಿಟಾರ್ ಮೆಲ್ಲಗೆ ಶುರುವಾಯಿತು. ಅವಳಿಗೆ ಬಾಯಿಪಾಠವಿದ್ದ ಹಾಡು, ಆದರೆ ಟ್ಯೂನರ್ ಹಿಡಿದು ನೋಡಿದರೆ ಯಾವ ಸ್ವರಕ್ಕೂ ಹಸಿರು ದೀಪ ಹೊತ್ತಲಿಲ್ಲ. ಒಂದು ಸ್ವರಕ್ಕೂ ಅದರ ಕೆಳಗಿನ ಸ್ವರಕ್ಕೂ ನಡುವೆ ಮುಳ್ಳು ನಿಂತಿತ್ತು. ಪ್ಲೇಯರಿನ ಒಳಗಿನ ರಬ್ಬರ್ ಬೆಲ್ಟ್ ಹಳತಾಗಿ, ತಟ್ಟೆ ಒಂದಿಷ್ಟು ನಿಧಾನ ತಿರುಗುತ್ತಿತ್ತು, ಅದರಿಂದ ಹಾಡೇ ತುಸು ಕೆಳಗಿನ ಶ್ರುತಿಗೆ ಇಳಿದಿತ್ತು. ಆ ಮನುಷ್ಯ ಪ್ರಪಂಚದ ಯಾವ ಶ್ರುತಿಯನ್ನೂ ಕೇಳದೆ, ದಣಿದ ಈ ಯಂತ್ರದ ಜೊತೆ ಹೊಂದಿಕೊಂಡು ವರ್ಷಗಟ್ಟಲೆ ನುಡಿಸಿದ್ದ.

ಟ್ಯೂನರನ್ನು ಚೀಲಕ್ಕೆ ಹಾಕಿದಳು. ರೆಕಾರ್ಡಿನ ಗಿಟಾರಿಗೆ ಕಿವಿಯಿಟ್ಟು ಒಂದೊಂದೇ ತಂತಿ ಇಳಿಸಿದಳು. ಕೊನೆಯ ತಂತಿಯೂ ಕೂಡಿದಾಗ, ಎದುರಿಗಿದ್ದ ಗಿಟಾರ್ ಯಾವುದು, ಐವತ್ತು ವರ್ಷದ ಹಿಂದಿನದು ಯಾವುದು ಅನ್ನುವುದೇ ತಿಳಿಯದಂತಾಯಿತು. ಸೂಜಿ ಎತ್ತಿ ಗಿಟಾರನ್ನು ಮುಂದೆ ಹಿಡಿದಳು.

ಅಮ್ಮ ಹೆಬ್ಬೆರಳು ಎಳೆದರು.

ಆ ನಾದ ಕೋಣೆಯೆಲ್ಲ ತುಂಬಿ, ಮಂಚದ ಮೇಲೆ, ಗೋಡೆಗಳ ಮೇಲೆ ಕೈಯಾಡಿಸಿ, ಬಹಳ ಹೊತ್ತು ಹೋಗದೆ ನಿಂತಿತು.

"ಅವರು ಹೋದ ಮೇಲೆ ಅದೂ ಸ್ವಲ್ಪ ಸ್ವಲ್ಪ ಜಾರಿತ್ತು," ಅಂದರು ಅಮ್ಮ, ಕಣ್ಣೊರೆಸಿಕೊಳ್ಳದೆ. "ಗೊತ್ತಾಗ್ತಿತ್ತು, ಯಾರಿಗೂ ಹೇಳಲಿಲ್ಲ. ಇದು ಈಚಿನದಲ್ಲ. ಇದು ಅವರಿದ್ದಾಗಿನದು." ಎದ್ದು ಹೋಗಿ ಕಿಟಕಿ ತೆಗೆದರು. ಆಮೇಲೆ ಚಹಾಕ್ಕಿಡಲು ಒಳಗೆ ನಡೆದರು.

ಬೆಳಕಿನಲ್ಲಿ ಇಬ್ಬರೇ ಉಳಿದರು. ಇನ್ನು ಹುಡುಕಲು ಏನೂ ಇರಲಿಲ್ಲ.

"ನಿನ್ನೆ ನಾನು ಸುಳ್ಳು ಹೇಳಿದೆ," ಅಂದ ಅವನು ತಟ್ಟನೆ. "ಅದೇ ಸರಿ ಅಂತ ನಂಗೆ ಅನ್ನಿಸಿತ್ತು. ಆದ್ರೂ ಅಲ್ಲ ಅಂದೆ. ಹೌದು ಅಂದಿದ್ರೆ ಇವತ್ತು ಸಂಜೆ ಬರೋಕೆ ನೆಪ ಇರ್ತಿರಲಿಲ್ಲ. ಅಮ್ಮ ಇಲ್ಲಿ ಹೀಗಿದ್ರು, ನಾನು ಅಲ್ಲಿ ಹಾಗಂದೆ. ರಾತ್ರಿಯೆಲ್ಲ ಒದ್ದಾಡಿದೆ."

"ಅಯ್ಯೋ ಪುಣ್ಯಾತ್ಮ! ಅದು ನಿಜವಾಗ್ಲೂ ಸರಿ ಇರಲಿಲ್ಲವಲ್ಲ. ನೀವು ನೆಟ್ಟಗೆ ಒಂದು ಸುಳ್ಳು ಹೇಳೋಕೂ ಬಾರದವರು."

ಅವನು ನಕ್ಕ, ನಾಚಿದ, ಮತ್ತೆ ಗಂಭೀರನಾದ. ಅವಳಿಗೂ ಹೇಳಬೇಕಾದ ನಿಜವೊಂದಿತ್ತು.

"ಇದೂ ನಿಲ್ಲಲ್ಲ," ಅಂದಳು. "ಹೊಸ ತಂತಿ. ನಾಳೆಗೇ ಇಳಿಯುತ್ತೆ. ದಿನಾ ಯಾರಾದ್ರೂ ಕೂಡಿಸ್ತಾ ಇರಬೇಕು. ನಾನು ಬಂದು ಮಾಡಿಕೊಡ್ತೀನಿ."

"ಬೇಡ."

ಅವಳು ಹೊರಡಲು ಚೀಲಕ್ಕೆ ಕೈ ಹಾಕಿದಳು.

"ನಂಗೇ ಕಲಿಸಿಬಿಡಿ. ಗಿಟಾರಿಗೋಸ್ಕರ ನೀವು ಬರೋದು ಬೇಡ," ಅಂದ. "ನನಗೋಸ್ಕರ ಬನ್ನಿ."

ಅವಳು ಗಿಟಾರನ್ನು ಅವನ ಕಡೆಗೆ ತಿರುಗಿಸಿದಳು. ಅವನ ಬಲಗೈ ಹಿಡಿದು, ಬೆರಳುಗಳನ್ನು ಒಂದೊಂದಾಗಿ ಬಿರಡೆಯ ಮೇಲೆ ಕೂರಿಸಿ, ತನ್ನ ಕೈಯನ್ನು ಅಲ್ಲೇ ಬಿಟ್ಟಳು.

"ನಾನು ಬೇಕಂತಲೇ ನಿಧಾನ ಮಾಡ್ತಿದ್ದೆ ಕಣೋ," ಅಂದಳು ಕೊನೆಗೆ. "ಬರ್ತೀನಿ. ಈಗ ತಿರುಗಿಸು. ಮೆಲ್ಲಗೆ."

ಅವನು ಅವಳ ಮುಖ ನೋಡುತ್ತಲೇ ತಿರುಗಿಸಿದ, ಬೇಡದ ದಿಕ್ಕಿಗೆ, ಬೇಡದಷ್ಟು. ಟಣ್ ಎಂದು ಸಣ್ಣ ತಂತಿ ಹರಿದು ಗಾಳಿಯಲ್ಲಿ ಸುರುಳಿಯಾಯಿತು. ಇಬ್ಬರೂ ಅಡುಗೆಮನೆಯ ಕಡೆ ನೋಡಿದರು.

ಅಮ್ಮ ಚಹಾದ ಲೋಟಗಳೊಂದಿಗೆ ಬಾಗಿಲಲ್ಲಿ ನಿಂತಿದ್ದರು. ಹರಿದ ತಂತಿಯನ್ನೂ, ಒಂದರ ಮೇಲೊಂದಿದ್ದ ಇಬ್ಬರ ಕೈಗಳನ್ನೂ ನೋಡಿದರು.

"ಹರಿದ್ರೆ ಹರೀಲಿ ಬಿಡಿ. ಈಗ ದಾರಿ ಗೊತ್ತಾಗಿದೆಯಲ್ಲ," ಅಂದು ಲೋಟಗಳನ್ನು ಕೆಳಗಿಟ್ಟು, ತಾವೇ ಹೋಗಿ ರೆಕಾರ್ಡನ್ನು ಮೊದಲಿನಿಂದ ಹಾಕಿದರು.