ಸೇತುವೆ ದಾಟಿದ ಮೇಲೆ

ಕಾರ್ಖಾನೆಗೆ ವಾರದ ರಜೆ. ನಮ್ಮ ಸೈಕಲ್ ಸಂಘದ ನಾಲ್ವರು ಬೆಳಿಗ್ಗೆಯೇ ಹೊರಟಿದ್ದೆವು. ಎಲ್ಲರಿಗಿಂತ ಬಹಳ ಹಿಂದೆ ಉಳಿದ ನಾನು ಸೇತುವೆ ದಾಟಿ ತಿರುವಿಗೆ ಬಂದಾಗ ವೆಲ್ಡರ್ ಅಣ್ಣ ಚರಂಡಿಯಲ್ಲಿ ಬಿದ್ದಿದ್ದ, ತಲೆಯೊಡೆದು. ಸೂಪರ್‌ವೈಸರ್ ಮತ್ತು ಎಲೆಕ್ಟ್ರಿಷಿಯನ್ ಪಕ್ಕದಲ್ಲೇ ನಿಂತಿದ್ದರು.

"ಇವನೇ ತಳ್ಳಿದ್ದು! ತಿರುಗಿ ನೋಡ್ತೀನಿ, ಭುಜ ಕೊಟ್ಟು ತಳ್ತಾ ಇದಾನೆ!" ಎಂದು ಸೂಪರ್‌ವೈಸರ್ ಎಲೆಕ್ಟ್ರಿಷಿಯನ್ನನತ್ತ ಬೆರಳು ತೋರಿ ಕೂಗಿದ.

ವೆಲ್ಡರ್ ಅಣ್ಣನನ್ನು ಆಸ್ಪತ್ರೆಗೆ ಸೇರಿಸಿ ಗಾಲಿಯಕ್ಕನ ಸೈಕಲ್ ರಿಪೇರಿ ಅಂಗಡಿಗೆ ಬಂದೆವು. ಡೊಂಕಾದ ಗಾಲಿಯನ್ನು ಹಿಡಿದಷ್ಟೇ ಸಲೀಸಾಗಿ ಡೊಂಕು ಮಾತನ್ನೂ ಹಿಡಿಯುವವಳು ಅವಳು. ಎಷ್ಟೋ ತಂಟೆಗಳನ್ನು ಅವಳು ಬಿಡಿಸುವಾಗ ನಾನು ಜೊತೆಗಿದ್ದೆ. ಇಷ್ಟು ಹೆದರಿದ್ದು ಅದೇ ಮೊದಲು. ಇಬ್ಬರಲ್ಲಿ ಒಬ್ಬ ಕೊಲೆಗೆ ಕೈ ಹಾಕಿದವನು, ನಾನು ಅಂಗಡಿಯ ಬೆಂಚಿನ ಮೇಲೆ ಅವರಿಬ್ಬರ ನಡುವೆ!

ಹಿಂದಿನ ತಿಂಗಳು ನಮ್ಮ ಕಾರ್ಖಾನೆಯಲ್ಲಿ ಬಾಯ್ಲರ್ ಸಿಡಿದು ಇಬ್ಬರು ಕೆಲಸಗಾರರು ಸತ್ತಿದ್ದರು. ಕೆಟ್ಟ ಬಾಯ್ಲರನ್ನು ನಡೆಸಿ ಎಂದವರು ಯಾರೆಂದು ಮರುದಿನದ ವಿಚಾರಣೆಯಲ್ಲಿ ಹೇಳಲು ಒಪ್ಪಿದ್ದವರು ಇಬ್ಬರೇ: ವೆಲ್ಡರ್, ಎಲೆಕ್ಟ್ರಿಷಿಯನ್. ಒಬ್ಬನಿಗೆ ಪ್ರಜ್ಞೆಯಿಲ್ಲ. ಸೂಪರ್‌ವೈಸರ್ ಕೊಟ್ಟ ದೂರಿನ ಮೇಲೆ ಇನ್ನೊಬ್ಬನನ್ನು ಒಯ್ಯಲು ಪೊಲೀಸರು ಹೊರಟಿದ್ದರು. ಸತ್ತವರ ತಪ್ಪೇ ಎಂದು ಬರೆದು ಕಡತ ಮುಚ್ಚಲು ಇನ್ನೇನು ಬೇಕು?

"ಸಾರ್, ನೀವು ಎಲ್ಲಿದ್ರಿ?" ಗಾಲಿಯಕ್ಕ ಸೂಪರ್‌ವೈಸರ್‌ನನ್ನು ಕೇಳಿದಳು.

"ಎಲ್ಲರಿಗಿಂತ ಮುಂದೆ. ಹೊರಟಾಗಿಂದ ನನ್ನ ಯಾರೂ ದಾಟಿಲ್ಲ. ಬಿದ್ದ ಮೇಲೆ ಹಿಂದಕ್ಕೆ ಬಂದೆ."

"ಸುಳ್ಳು ಅಕ್ಕ!" ಎಲೆಕ್ಟ್ರಿಷಿಯನ್ನನ ದನಿ ಒಡೆಯಿತು. "ಸೇತುವೆ ಹತ್ರ ಇವರೇ ನನ್ನ ಮುಂದೆ ಬಿಟ್ರು. ಸದ್ದು ಕೇಳಿ ನಾನೇ ತಿರುಗಿ ಬಂದದ್ದು."

ಗಾಲಿಯಕ್ಕ ನನ್ನತ್ತ ತಿರುಗಿದಳು. "ರಸ್ತೆ ಹೆಂಗಿತ್ತೇ?"

"ಸೇತುವೆವರೆಗೂ ಒಣಗಿತ್ತು. ಆಚೆಗೆ ಪೈಪ್ ಒಡೆದು ಬರೀ ಕೆಂಪು ಕೆಸರು."

"ನಿನ್ನ ಬೆನ್ನ ಮೇಲೂ ಕೆಂಪು, ಇವರಿಬ್ಬರ ಬೆನ್ನ ಮೇಲೂ ಕೆಂಪು. ಅದು ಅವರವರ ಹಿಂದಿನ ಗಾಲಿ ಎರಚಿದ್ದು. ಇನ್ನು ಎದೆ ನೋಡಿ. ಒಬ್ಬಳೇ ಬಂದ ನಿನ್ನದು ಶುಭ್ರ. ಇವನದೂ ಶುಭ್ರ, ಇವನು ಯಾರ ಹಿಂದೆಯೂ ಇರಲಿಲ್ಲ. ಸಾರ್, ನಿಮ್ಮ ಅಂಗಿ ಕತ್ತಿನವರೆಗೂ ಕೆಂಪಾಗಿದೆಯಲ್ಲ! ಎದುರಿನವರ ಗಾಲಿಗೆ ಅಂಟಿಕೊಂಡು ಹೋದವರಿಗೆ ಮಾತ್ರ ಹಿಂಗಾಗೋದು."

ಸೂಪರ್‌ವೈಸರ್ ಬಗ್ಗಿ ತನ್ನ ಎದೆ ನೋಡಿಕೊಂಡ.

"ತಳ್ಳಿದ್ರು ಅಂತ ನೀವೇ ಹೇಳಿದ್ರಿ. ಮೂವರಲ್ಲಿ ಒಬ್ಬ ಮುಂದೆ ಹೋದ, ಒಬ್ಬ ಬಿದ್ದ. ಉಳಿದವರು ಯಾರು ಸಾರ್? ಬಾಯ್ಲರ್ ನಡೆಸಿ ಅಂದವರು ಯಾರು ಅಂತ ನಾಳೆ ಇವರಿಬ್ಬರೂ ಹೇಳಿದ್ರೆ ನಿಮ್ಮ ಹೆಸರೇ ಅಲ್ವಾ ಬರೋದು?" ಅವಳ ದನಿ ಏರಿತು. "ಮುಖ ಒರೆಸ್ಕೊಂಡ್ರಿ, ಅಂಗಿ ನೆನಪಾಗ್ಲಿಲ್ಲ. ಹೆಂಗಾದೀತು? ದೊಡ್ಡವರನ್ನ ದಾಟಬಾರದು ಅಂತ ಇವರು ಯಾವಾಗ್ಲೂ ನಿಮ್ಮನ್ನೇ ಮುಂದೆ ಬಿಡ್ತಿದ್ರು. ನೀವು ಎರಚಿದ ಕೆಸರನ್ನ ವರ್ಷಗಟ್ಟಲೆ ತಿಂದ್ರು. ಹಿಂದಿರೋರ ಎದೆ ಏನಾಗುತ್ತೆ ಅಂತ ನಿಮಗೆ ತಿಳಿಯೋ ಕಾಲವೇ ಬಂದಿರಲಿಲ್ಲ!"

ಸೂಪರ್‌ವೈಸರ್ ಎದ್ದ. "ನಾಳೆಯಿಂದ ಇವರು ಯಾರೂ ಗೇಟಿನ ಒಳಗೆ ಬರಲ್ಲ," ಎಂದು ಹಲ್ಲು ಕಚ್ಚಿ ಬಾಗಿಲಿನತ್ತ ನಡೆದ. ನನ್ನ ಹಾಜರಿಗೆ ಸಹಿ ಹಾಕುವ ಕೈ ಅದು.

ಹೇಗೋ ಎದ್ದೆ, ಬಾಗಿಲಿಗೆ ಅಡ್ಡ ನಿಂತೆ.

"ಪೊಲೀಸರು ಬರೋ ತನಕ ಅಲ್ಲೇ ಕೂತ್ಕೊಳ್ಳಿ ಸಾರ್."